ಮೆಂತ್ಯದ ಕೋಟು

ಡಾಕ್ಟರ್ ಜಯರಾಮಯ್ಯನವರು ಹತ್ತಿರ ಬಂದರೆ ಔಷಧಿಯ ವಾಸನೆಗಿಂತ ಮೊದಲು ಮೆಂತ್ಯದ ವಾಸನೆ ಬರುತ್ತಿತ್ತು. ಮೊಣಕೈ ಸವೆದ ಆ ಬೂದುಬಣ್ಣದ ಕೋಟಿನ ಬಲಜೇಬಿನಲ್ಲಿ ಸ್ಟೆತಾಸ್ಕೋಪು, ಎಡಜೇಬಿನಲ್ಲಿ ಮೆಂತ್ಯ, ಜೀರಿಗೆ, ಸಾಸಿವೆಯ ಪುಟ್ಟ ಪೊಟ್ಟಣಗಳು. ವಯೋವೃದ್ಧರ ಅಂಗೈಗೆ ನಾಲ್ಕು ಕಾಳು ಹಾಕಿ, "ಇದೇನವ್ವ? ಯಾವ ಅಡಿಗೆಗೆ ಹಾಕ್ತೀಯ?" ಎಂದು ಕೇಳಿ, ಉತ್ತರ ಬರುವವರೆಗೆ ಅವರು ಕಾಯುತ್ತಿದ್ದ ತಾಳ್ಮೆಯನ್ನು ಕಂಡು ಗುಬ್ಬಿಯ ಜನ, "ಡಾಕ್ಟ್ರು ದಿನಸಿ ಅಂಗಡಿ ಇಟ್ಟವ್ರೆ" ಎಂದು ಆಡಿಕೊಳ್ಳುತ್ತಿದ್ದರು. ಆ ಊರಿನವನಾದ ನಾನೂ ಆಡಿಕೊಂಡವನೇ, ಕಾರಣ ತಿಳಿದ ದಿನ ನಾಚಿಕೆಯಾಯಿತು.

ಎಪ್ಪತ್ಮೂರನೆಯ ಇಸವಿಯಲ್ಲಿ ಅವರು ಹೀಗಿರಲಿಲ್ಲ. ಗುಬ್ಬಿಯಲ್ಲಿ ದವಾಖಾನೆ ಇಟ್ಟಿದ್ದ ಅವರದು ದಾಪುಗಾಲಿನ ನಡಿಗೆ, ತುಂಡು ಮಾತು. ಕುಣಿಗಲ್ ಕಡೆಯ ರೈತ ಚಿಕ್ಕರಂಗಯ್ಯ, ಸಂತೆಯಿಂದ ಬರುವಾಗ ದಾರಿ ತಪ್ಪಿದಳೆಂದು ಹೆಂಡತಿ ಪುಟ್ಟಗಂಗಮ್ಮನನ್ನು ಕರೆತಂದ. ಡಾಕ್ಟರು ವೈದ್ಯಪುಸ್ತಕ ತೆರೆದು, ಮರೆವು ಅಳೆಯಲು ಅದರಲ್ಲಿದ್ದ ಪ್ರಶ್ನೆಗಳನ್ನೇ ಕೇಳಿದರು. ತಾರೀಕು ಆಕೆಗೆ ಗೊತ್ತಿರಲಿಲ್ಲ. "ಗಂಡನ ಹೆಸರೇನು?" ಎಂದಾಗ ತಲೆ ತಗ್ಗಿಸಿದಳು, ಮೂರು ಸಲ ಕೇಳಿದರೂ ಸೆರಗನ್ನು ಬಾಯಿಗೆ ಒತ್ತಿಕೊಂಡಳೇ ಹೊರತು ತುಟಿ ಬಿಚ್ಚಲಿಲ್ಲ. ಅರಳು ಮರಳೆಂದು ಬರೆದು, ಮಂಪರು ಬರಿಸುವ ಮಾತ್ರೆ ಕೊಟ್ಟು ಕಳಿಸಿಬಿಟ್ಟರು.

ಎರಡು ವಾರದ ಮೇಲೆ ಊಟಕ್ಕೆ ಕುಳಿತಾಗ ಈ ಸಂಗತಿಯನ್ನು ಮಡದಿ ಕಮಲಾಕ್ಷಮ್ಮನವರಿಗೆ ಹೇಳಿದರಂತೆ. ಬಡಿಸುತ್ತಿದ್ದ ಸೌಟು ಅಲ್ಲೇ ನಿಂತಿತು.

"ಗಂಡನ ಹೆಸರನ್ನ ಯಾವ ಹೆಂಗಸು ಬಾಯಿಬಿಟ್ಟು ಹೇಳ್ತಾಳೆ? ನನ್ನ ಕೇಳಿದ್ರೂ ಹೇಳ್ತಿರ್ಲಿಲ್ಲ. ನಂಗೂ ಅದೇ ಮಾತ್ರೆ ಕೊಡ್ತಿದ್ರಾ?"

ತಟ್ಟೆ ಬಿಟ್ಟೆದ್ದವರು ಕುಣಿಗಲ್ ಬಸ್ಸು ಹತ್ತಿದರು. ಪುಟ್ಟಗಂಗಮ್ಮ ಮಂಪರಿನಲ್ಲಿ ಹೊಸಿಲು ಎಡವಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಮಾತ್ರೆ ನಿಲ್ಲಿಸಿದ ನಾಲ್ಕೇ ದಿನಕ್ಕೆ ಎಲ್ಲರನ್ನೂ ಗುರುತಿಸಿ ಮಾತಾಡಿದಳು. ಆದರೆ ಮತ್ತೆ ನಡೆಯಲಿಲ್ಲ. "ಬುಡಿ ಸ್ವಾಮಿ, ನೀವೇನ್ ಬೇಕಂತ ಮಾಡಿದ್ರಾ" ಎಂದ ಚಿಕ್ಕರಂಗಯ್ಯ. ಆ ಕ್ಷಮೆಯನ್ನು ಡಾಕ್ಟರು ಸ್ವೀಕರಿಸಲೇ ಇಲ್ಲ. ಆಕೆ ತೀರಿಕೊಳ್ಳುವವರೆಗೆ ಪ್ರತಿ ಭಾನುವಾರ ಹೋಗಿ ಮಂಚದ ಪಕ್ಕ ಕುಳಿತು ಬಂದರು.

ಆಮೇಲೆ, ನಲವತ್ತೈದು ದಾಟಿದ ವಯಸ್ಸಿನಲ್ಲಿ, ಬೆಂಗಳೂರಿಗೆ ಹೋಗಿ ಮರೆವಿನ ಕಾಯಿಲೆಯನ್ನು ವಿದ್ಯಾರ್ಥಿಯಂತೆ ಕೂತು ಕಲಿತರು. ಹಳ್ಳಿಹಳ್ಳಿ ಸುತ್ತಿ, ನಮ್ಮ ಮುದುಕರನ್ನು ಏನು ಕೇಳಬೇಕು, ಏನು ಕೇಳಬಾರದು ಎಂಬುದನ್ನು ಅವರ ಬಾಯಿಂದಲೇ ತಿಳಿದು ಬರೆದಿಟ್ಟುಕೊಂಡು, ತಾರೀಕು, ಹೆಸರು ಕೇಳುವ ಬದಲು ಅಡಿಗೆಮನೆಯ ಕಾಳುಗಳನ್ನು ಜೇಬಿಗೆ ಹಾಕಿಕೊಂಡು, ಎಂಬತ್ತನೆಯ ಇಸವಿಯಲ್ಲಿ ಕ್ಯಾತ್ಸಂದ್ರದಲ್ಲಿ ಮರೆವಿನವರಿಗೆಂದೇ ಒಂದು ಹೆಂಚಿನ ಮನೆ ತೆರೆದರು. ಅಲ್ಲಿನ ಮುದುಕರ ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆದೂ ನಡೆದೂ ಡಾಕ್ಟರ ದಾಪುಗಾಲು ಮಾಯವಾಯಿತು. ಯಾರಾದರೂ ಅರಳು ಮರಳು ಎಂದರೆ ಮಾತ್ರ ಸಿಡುಕುತ್ತಿದ್ದರು: "ಕಾಯಿಲೆ ಅನ್ರೀ. ಬೈಗುಳ ಬೇಡ."

ಎಂಬತ್ತೇಳರ ಒಂದು ಮಧ್ಯಾಹ್ನ ನಾನಲ್ಲಿಗೆ ಹೋಗಿದ್ದೆ. ಜಗಲಿಯಲ್ಲಿ ಕಮಲಾಕ್ಷಮ್ಮನವರಿದ್ದರು, ಒಂದು ವರ್ಷದಿಂದ ಅವರಿಗೂ ಮರೆವು ಹತ್ತಿತ್ತು. ಪಕ್ಕದಲ್ಲಿ ಕುಳಿತ ಗಂಡನತ್ತ ತಿರುಗಿ ಬಹಳ ಮರ್ಯಾದೆಯಿಂದ ಕೇಳಿದರು: "ನಮ್ಮ ಯಜಮಾನ್ರನ್ನ ಕಂಡ್ರಾ? ಜಯರಾಮಯ್ಯ ಅಂತ. ಗುಬ್ಬೀಲಿ ಡಾಕ್ಟ್ರು."

ಮೂವತ್ತು ವರ್ಷದ ಸಂಸಾರದಲ್ಲಿ ಆ ಬಾಯಲ್ಲಿ ಆ ಹೆಸರನ್ನು ಯಾರೂ ಕೇಳಿರಲಿಲ್ಲ. ಡಾಕ್ಟರು ಎಡಜೇಬಿಗೆ ಕೈಹಾಕಿ ನಾಲ್ಕು ಕಾಳು ಮೆಂತ್ಯವನ್ನು ಆಕೆಯ ಅಂಗೈಗಿಟ್ಟು, "ಕಂಡೆ ಕಣಮ್ಮ, ಬರ್ತಾರೆ. ಬರೋವರ್ಗೂ ನಾನಿಲ್ಲೇ ಇರ್ತೀನಿ" ಎಂದರು.

ತಪ್ಪು ಮಾಡದ ವೈದ್ಯರು ಎಲ್ಲೂ ಇರಲಾರರು. ಆದರೆ ಮಾಡಿದ ತಪ್ಪೊಂದನ್ನು ಮರೆಯಲೊಲ್ಲದೆ ಅದನ್ನೇ ಜೀವಮಾನದ ಕಸುಬಾಗಿಸಿಕೊಂಡವರು ಅಪರೂಪ. ತಮ್ಮನ್ನೇ ಗುರುತಿಸಲಾಗದವರ ಪಕ್ಕದಲ್ಲೂ ಅಂಥವರು ಎದ್ದು ಹೋಗದೆ ಕೂತಿರುತ್ತಾರೆ.