ತೊಳೆದು ಹೋದ ಸಾಕ್ಷಿ

ತಳ್ಳುಗಾಡಿಯ ಚಕ್ರಕ್ಕೆ ಎಣ್ಣೆ ಬಿಟ್ಟು ಒಳಗೆ ಬಂದ ಲಾಂಡ್ರಿ ಮನೆಯ ಸೊಸೆಗೆ ಹಿಂದಿನ ಕೋಣೆಯ ಬುಟ್ಟಿ ಖಾಲಿಯಾಗಿರುವುದು ಕಂಡಿತು. ಯಾರೋ ಆಗಲೇ ಬಟ್ಟೆಗಳನ್ನು ಗಾಡಿಗೆ ಒಯ್ದಿರಬೇಕು ಅಂದುಕೊಂಡಳು. ಇಷ್ಟು ಹೊತ್ತೂ ಗಾಡಿಯ ಹತ್ತಿರ ಇದ್ದವಳು ತಾನೇ ಎಂಬುದು ಆಮೇಲೆ ಹೊಳೆಯಿತು.

ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ ತಾರಸಿಗೆ ಓಡಿದಳು. ತಂತಿಯ ಮೇಲೆ ಬೀದಿಯ ಅಷ್ಟೂ ಮನೆಗಳ ಬಟ್ಟೆ ತುಂಡುಗಳು ಸಾಲಾಗಿ ನೇತಾಡುತ್ತಿದ್ದವು, ಹಾಲಿನಂತೆ ಬೆಳ್ಳಗೆ. ಒಂದೊಂದರ ತುದಿಯಿಂದಲೂ ನೀರು ತೊಟ್ಟಿಕ್ಕುತ್ತಿತ್ತು. ಕೊನೆಯ ತುಂಡನ್ನು ಕೊಡವಿ ಕ್ಲಿಪ್ ಹಾಕುತ್ತಿದ್ದ ಅತ್ತೆ, ಹೊಗಳಿಕೆಗೆ ಕಾದವರಂತೆ ತಿರುಗಿ ನಕ್ಕರು.

"ಆಫೀಸರ್ ಮುಂದೆ ಇಡೋ ಬಟ್ಟೇನ ಆ ಗತಿಯಲ್ಲಿ ಒಯ್ಯೋಕೆ ಹೊರಟಿದ್ಯಲ್ಲೇ. ನಾನು ನೋಡದೇ ಇದ್ದಿದ್ರೆ ನಮ್ಮ ಲಾಂಡ್ರಿ ಮರ್ಯಾದೆ ಏನಾಗ್ತಿತ್ತು?"

ಸೊಸೆ ನೀರಿನ ಟ್ಯಾಂಕಿಗೆ ಒರಗಿ ಕೂತುಬಿಟ್ಟಳು.

ಬೀದಿಯ ತುದಿಯ ಗೋಡೆಯಾಚೆ ಹಳೇ ಟೈರು ಬೇಯಿಸಿ ಎಣ್ಣೆ ತೆಗೆಯುವ ಕಾರ್ಖಾನೆಯಿತ್ತು. ಅದರ ಚಿಮಣಿ ಉಗುಳುವ ಮಸಿ ಗಾಳಿ ಬೀಸಿದ ಕಡೆ ಬೀಳುತ್ತಿತ್ತು, ಗಾಳಿ ಬೀಸುತ್ತಿದ್ದುದು ಹೆಚ್ಚಾಗಿ ಈ ಬೀದಿಯ ಕಡೆಗೆ. ಬೀದಿಯ ಅರ್ಧ ಜನರ ಕಸುಬೇ ಬಟ್ಟೆ ಒಗೆಯುವುದು. ಒಣಹಾಕಿದ್ದನ್ನು ತೆಗೆಯುವ ಹೊತ್ತಿಗೆ ಕಪ್ಪು ಚುಕ್ಕೆ, ಮತ್ತೆ ಒಗೆತ, ಮತ್ತೆ ಚುಕ್ಕೆ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಹಾಸಿಗೆ ಹೊದಿಕೆಗಳನ್ನು ಕಳಿಸುತ್ತಿದ್ದ ಆಸ್ಪತ್ರೆಯವರು, ಇನ್ನೊಂದು ಸಲ ಚುಕ್ಕೆ ಕಂಡರೆ ಬೇರೆ ಲಾಂಡ್ರಿ ನೋಡಿಕೊಳ್ಳುತ್ತೇವೆ ಎಂದು ಖಡಾಖಂಡಿತವಾಗಿ ಹೇಳಿದ್ದರು. ಈಗ ಕಾರ್ಖಾನೆಯವರು ಎರಡನೇ ಚಿಮಣಿಗೆ ಅನುಮತಿ ಕೇಳಿದ್ದರು. ಕೊಡಬೇಕೋ ಬೇಡವೋ ಎಂದು ಜನರ ಮಾತು ಕೇಳುವ ಸಭೆ ಇವತ್ತೇ, ಈ ಬೆಳಿಗ್ಗೆಯೇ. ಅನುಮತಿ ಸಿಕ್ಕಿತೆಂದರೆ ಬೀದಿಗೆ ಬೀದಿಯೇ ತಂತಿ ಬಿಚ್ಚಿಕೊಂಡು ಹೋಗಬೇಕಿತ್ತು.

ದೂರು ಹೇಳಿದಾಗಲೆಲ್ಲ ಕಚೇರಿಯವರು ಕೇಳುತ್ತಿದ್ದುದು ಒಂದೇ, ಸಾಕ್ಷಿ ಎಲ್ಲಿ? ಹಾಗಾಗಿ ಸೊಸೆ ಮನೆಮನೆಗೆ ಒಂದೊಂದು ಬಿಳಿ ತುಂಡು ಹಂಚಿದ್ದಳು. ಯಾವುದು ಯಾರದೆಂದು ತಿಳಿಯಲು, ಲಾಂಡ್ರಿಯ ರೂಢಿಯಂತೆ, ಮೂಲೆಯಲ್ಲಿ ಬಣ್ಣದ ದಾರದ ಗುರುತು ಹಾಕಿದ್ದಳು. ತಿಂಗಳುಪೂರ್ತಿ ತಾರಸಿಯ ಮೇಲೆ ಬಿಡಿ, ಮುಟ್ಟಬೇಡಿ, ಸಭೆಯಲ್ಲಿ ನಾವು ಬಾಯಿ ತೆರೆಯುವುದೇ ಬೇಡ, ಬಟ್ಟೆಯೇ ಮಾತಾಡುತ್ತದೆ ಎಂದು ಎಲ್ಲರಿಗೂ ಮಾತು ಕೊಟ್ಟಿದ್ದಳು. ನಿನ್ನೆ ಸಂಜೆ ಬುಟ್ಟಿ ತುಂಬಿದಾಗ ಒಂದೊಂದು ತುಂಡೂ ಬಾಣಲೆಯ ತಳದಂತೆ ಕಪ್ಪಾಗಿತ್ತು. ಆ ಕಪ್ಪು ನೋಡಿ ಅವಳು ಕುಣಿದಾಡಿದ್ದಳು.

ಅತ್ತೆಗೆ ತಿಳಿದಿದ್ದು ಇಷ್ಟೇ, ಇವತ್ತು ದೊಡ್ಡವರಿಗೆ ಬಟ್ಟೆ ತೋರಿಸಬೇಕು. ಒಗೆಯುವವರು ತೋರಿಸುವುದು ಒಗೆದ ಬಟ್ಟೆಯನ್ನಲ್ಲವೇ? ಕೋಳಿ ಕೂಗುವ ಮುಂಚೆ ಎದ್ದು, ಬಿಸಿನೀರಿಗೆ ಸೋಡಾ ಹಾಕಿ ನೆನೆಸಿ, ತಿಕ್ಕಿ, ಹಿಂಡಿ, ಒಂದು ಚುಕ್ಕೆಯೂ ಉಳಿಯದಂತೆ ಮಾಡಿದ್ದರು. ತಮ್ಮ ಕಸುಬಿನಲ್ಲೇ ಇಷ್ಟು ಚೆನ್ನಾಗಿ ಯಾವತ್ತೂ ಒಗೆದಿರಲಿಲ್ಲವೇನೋ.

ವಿಷಯ ತಿಳಿದ ಅತ್ತೆಯ ಮುಖ ಬಾಡಿತು. ಅಷ್ಟರಲ್ಲಿ ಎದುರು ಮನೆಯ ಎಲೆಕ್ಟ್ರಿಷಿಯನ್ ಮೇಲೆ ಬಂದ. ಬಾಯಿ ಮುಚ್ಚಿದ್ದನ್ನು ಯಾರೂ ಕಾಣದ ಕಾರಣ ಅವನಿಗೆ ರೇಡಿಯೋ ಎಂದೇ ಹೆಸರು. ತಂತಿ ನೋಡಿದವನ ಬಾಯಿ ಮೊದಲ ಸಲ ಮುಚ್ಚಿತು.

"ದೊಡ್ಡಮ್ಮ," ಅಂದ ಕೊನೆಗೆ, "ಕಾರ್ಖಾನೆಯೋರು ನಿಮಗೆ ಸಂಬಳ ಕೊಡ್ತಾರಾ ಹೇಗೆ?"

"ಸುಮ್ನಿರೋ," ಅಂದಳು ಸೊಸೆ.

ಅವಳಿಗೆ ಅತ್ತೆಯ ಮೇಲೆ ಕೂಗಾಡಬೇಕೆನಿಸಿತ್ತು. ಆದರೆ ಅತ್ತೆ ಆಗಲೇ ಮೆಟ್ಟಿಲಿಳಿದು, ತಪ್ಪು ಮಾಡಿದಾಗ ಏನಾದರೂ ಕೆಲಸ ಹಚ್ಚಿಕೊಳ್ಳುವವರಂತೆ, ಹಿತ್ತಲ ದೊಡ್ಡ ಟಬ್ಬಿನ ಪಕ್ಕ ಕೂತು ತೋಳು ಏರಿಸುತ್ತಿದ್ದರು. ಬಟ್ಟೆ ನೆನೆಸಿದ ಮೊದಲ ನೀರನ್ನು ಅತ್ತೆ ಯಾವತ್ತೂ ತಕ್ಷಣ ಚೆಲ್ಲುತ್ತಿರಲಿಲ್ಲ. ಯಾರದೋ ಜೇಬಿನಿಂದ ಬಿದ್ದ ಉಂಗುರವೋ ಗುಂಡಿಯೋ ತಳದಲ್ಲಿ ಸಿಕ್ಕೀತೆಂದು ಕೈಯಾಡಿಸಿಯೇ ಚೆಲ್ಲುವುದು. ಜೇಬೇ ಇಲ್ಲದ ತುಂಡುಗಳನ್ನು ಒಗೆದ ನೀರಿಗೂ ಅದೇ ಮರ್ಯಾದೆ. ಮೊಣಕೈವರೆಗೆ ಮುಳುಗಿದ ತೋಳನ್ನು ಅವರು ಮೇಲೆತ್ತಿದಾಗ, ಅದು ಬೇರೆ ಯಾರದೋ ತೋಳಿನಂತಿತ್ತು. ಕಪ್ಪು, ಜಿಡ್ಡು, ಬೆರಳ ತುದಿಯಿಂದ ಮಸಿ ಎಳೆಎಳೆಯಾಗಿ ಇಳಿಯುತ್ತಿತ್ತು.

ಸೊಸೆ ತಾರಸಿಯ ಅಂಚಿನಿಂದ ಅದನ್ನು ನೋಡಿದಳು.

"ಅತ್ತೆ, ಚೆಲ್ಲಬೇಡಿ," ಅಂದವಳೇ ಇಳಿದು ಓಡಿದಳು. "ರೇಡಿಯೋ, ಗಾಡಿ ತಗೊಂಡು ಬಾ."

ಇಡೀ ಬೀದಿಯ ಒಂದು ತಿಂಗಳ ಮಸಿ ಒಂದೇ ಟಬ್ಬಿನಲ್ಲಿತ್ತು. ಒಬ್ಬೊಬ್ಬರ ಮನೆಯದಾಗಿ ಚದುರಿದ್ದದ್ದು ಈಗ ಒಟ್ಟಿಗೆ ಸೇರಿತ್ತು.

ಟಬ್ಬನ್ನು ಗಾಡಿಗೆ ಏರಿಸಲು ಅಕ್ಕಪಕ್ಕದವರೆಲ್ಲ ಬರಬೇಕಾಯಿತು. ಅತ್ತೆ ಅದರ ಬಾಯಿಗೆ ಪ್ಲಾಸ್ಟಿಕ್ ಹಾಳೆ ಬಿಗಿದು, ಮಗುವನ್ನು ಆಸ್ಪತ್ರೆಗೆ ಒಯ್ಯುವವರಂತೆ ಒಂದು ಕೈ ಅದರ ಮೇಲಿಟ್ಟುಕೊಂಡೇ ನಡೆದರು. ಇಳಿಜಾರಿನಲ್ಲಿ ಗಾಡಿ ತಾನೇ ಓಡತೊಡಗಿದಾಗ ರೇಡಿಯೋ ಹಿಂದಿನಿಂದ ಜೋತುಬಿದ್ದ. ಚಪ್ಪಲಿಯ ಅಟ್ಟೆ ಸವೆಯುತ್ತಿದೆ ಎಂದು ಅವನು ಗೋಳಿಟ್ಟರೆ, ಇಷ್ಟು ವರ್ಷ ನಾಲಿಗೆ ಸವೆಸಿದ್ದೀಯಲ್ಲ, ಚಪ್ಪಲಿಯೂ ಸವೆಯಲಿ ಎಂದು ಅತ್ತೆ ಅಂದರು. ಬಾಗಿಲುಗಳು ತೆರೆದವು. ಏನಿದು ಎಂದು ಕೇಳಿದವರಿಗೆ ನಿಮ್ಮನೆ ಬಟ್ಟೆಯ ನೀರು ಎಂಬ ಉತ್ತರ ಸಿಕ್ಕಿತು. ಕೇಳಿದವರು ಚಪ್ಪಲಿ ಮೆಟ್ಟಿ ಹಿಂದೆಯೇ ಹೊರಟರು. ತಿರುವು ದಾಟುವ ಹೊತ್ತಿಗೆ ಗಾಡಿ ತಳ್ಳಲು ಸೊಸೆಗೆ ಜಾಗವೇ ಉಳಿದಿರಲಿಲ್ಲ. ಅವಳು ಮುಂದೆ ಮುಂದೆ ಓಡುತ್ತಾ ದಾರಿ ಬಿಡಿಸಿದಳು. ಹೆದರಿಕೆಯೋ ಖುಷಿಯೋ ತಿಳಿಯದ ಏನೋ ಒಂದು ಕಾಲಿಗೆ ರೆಕ್ಕೆ ಕಟ್ಟಿತ್ತು.

ಸಭಾಭವನದ ಕಾವಲುಗಾರ ಕೈ ಅಡ್ಡ ಹಿಡಿದ. ಸಾಕ್ಷಿಗಳನ್ನು ಬಿಟ್ಟು ಬೇರೇನನ್ನೂ ಒಳಗೆ ಬಿಡುವ ಹಾಗಿಲ್ಲ ಎಂದ.

"ಇದೇ ಸಾಕ್ಷಿ ಕಣಪ್ಪ," ಅಂದ ರೇಡಿಯೋ. "ಕಾಲಿಲ್ಲ, ಅದಕ್ಕೇ ಚಕ್ರದ ಮೇಲೆ ಬಂದಿದೆ."

ಒಳಗೆ ಕಾರ್ಖಾನೆಯ ಮ್ಯಾನೇಜರ್ ಪರದೆಯ ಮೇಲೆ ಹಸಿರು ಗಿಡಗಳ ಚಿತ್ರ ತೋರಿಸುತ್ತಾ, ತಮ್ಮ ಚಿಮಣಿಯಿಂದ ಮಸಿಯೇ ಬರುವುದಿಲ್ಲ ಎನ್ನುತ್ತಿದ್ದ. ಗಾಡಿ ನಡುದಾರಿಯಲ್ಲಿ ಕಿರುಗುಟ್ಟುತ್ತಾ ಬಂದು ವೇದಿಕೆಯ ಮುಂದೆ ನಿಂತಿತು. ಅತ್ತೆ ಹಾಳೆ ಬಿಚ್ಚಿದರು. ವಾಸನೆ ಮುಂದಿನ ಸಾಲಿನವರನ್ನು ಎಬ್ಬಿಸಿತು.

ಅಧಿಕಾರಿ ನಡುವಯಸ್ಸಿನ ಹೆಂಗಸು. ವೇದಿಕೆಯಿಂದ ಇಳಿದು ಬಂದು ನೀರಿನಲ್ಲಿ ಬೆರಳಾಡಿಸಿದರು, ಬೆರಳು ನೋಡಿಕೊಂಡರು. ಮ್ಯಾನೇಜರ್ ನಕ್ಕ. ಒಂದು ಹಿಡಿ ಇದ್ದಿಲು ಕಲಸಿದರೆ ಯಾರ ಮನೆಯಲ್ಲೂ ಇಂಥ ನೀರು ಸಿಗುತ್ತದೆ, ಬಟ್ಟೆಗಳೆಲ್ಲಿ ಎಂದ. ಅವು ಒಗೆದು ಬೆಳ್ಳಗಾಗಿವೆ ಎಂದು ತಿಳಿದಾಗ ಅವನ ನಗು ಇನ್ನೂ ಅಗಲವಾಯಿತು. ಒಗೆದವರು ಯಾರು ಎಂದು ಅಧಿಕಾರಿ ಕೇಳಿದರು.

ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆ ಕಪ್ಪು ಕೈ ಎತ್ತಿದರು.

"ನಾನೇ ಮೇಡಂ. ಕೊಳೆ ಇರೋ ಬಟ್ಟೆ ನಮ್ಮ ಹೊಸ್ತಿಲು ದಾಟಿ ಹೊರಗೆ ಹೋಗಿದ್ದಿಲ್ಲ. ಅಭ್ಯಾಸ, ಕೈ ತಡೀಲಿಲ್ಲ. ಕೆಲಸ ಕೆಡಿಸಿದ್ದು ನಾನು, ಇವಳಲ್ಲ."

ಸೊಸೆಯ ಕಣ್ಣು ಅತ್ತೆಯ ಕೈಯಿಂದ ವೇದಿಕೆಯ ಮೇಜಿಗೆ ಹೋಯಿತು. ಮೇಜಿನ ಮೇಲೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಬಟ್ಟೆ ಹಾಸಿತ್ತು. ಬೇರೆ ಯಾವುದೋ ಲಾಂಡ್ರಿಯ ಕೆಲಸ. ಪರವಾಗಿಲ್ಲ, ಚೆನ್ನಾಗಿಯೇ ಮಾಡಿದ್ದರು.

"ನಮ್ಮ ಬಟ್ಟೆ ನಂಬಬೇಡಿ ಮೇಡಂ," ಅಂದಳು. ದನಿ ಹಿಂದಿನ ಸಾಲಿಗೂ ಕೇಳಿಸಿತು. "ನಿಮ್ಮದೇ ಕೊಡಿ. ಆ ಮೇಜಿನ ಬಟ್ಟೆ. ಸಹಿ ಮಾಡಿ, ಸೀಲು ಹೊಡೆದು, ಒಂದು ತಿಂಗಳು ಈ ಭವನದ ತಾರಸಿ ಮೇಲೇ ಕಟ್ಟಿಸಿ. ಮೆಟ್ಟಿಲ ಬೀಗ ನಿಮ್ಮ ಹತ್ರನೇ ಇರಲಿ. ಅದನ್ನ ಇಳಿಸಿ ನೋಡೋ ತನಕ ಚಿಮಣಿ ವಿಷಯ ಬೇಡ."

ಮ್ಯಾನೇಜರ್ ನಿಯಮ, ಪದ್ಧತಿ, ಕಾಲಮಿತಿ ಎಂದೆಲ್ಲ ಶುರು ಮಾಡಿದ. ಅಧಿಕಾರಿ ಮಸಿ ಮೆತ್ತಿದ ಬೆರಳನ್ನು ಒರೆಸಿಕೊಳ್ಳಲು ಏನಾದರೂ ಹುಡುಕಿದರು, ಸಿಗಲಿಲ್ಲ. ಸೋಪು ಹಾಕದೆ ಅದು ಹೋಗುವಂಥದ್ದಲ್ಲ. ಆ ಬೆರಳನ್ನು ಎತ್ತಿ ಹಿಡಿದೇ, ನಿಮ್ಮ ಚಿಮಣಿಯಿಂದ ಮಸಿಯೇ ಬರುವುದಿಲ್ಲವೆಂದು ಈಗಷ್ಟೇ ಹೇಳಿದಿರಲ್ಲ, ಹಾಗಾದರೆ ಒಂದು ಬಟ್ಟೆ ಒಣಗಿದರೆ ನಿಮಗೇನು ನಷ್ಟ ಎಂದು ಮ್ಯಾನೇಜರನ್ನು ಕೇಳಿದರು. ಅಧಿಕಾರಿ ಮೇಜಿನ ನೀರಿನ ಲೋಟಗಳನ್ನು ಮಸಿ ಮೆತ್ತದ ಕೈಯಿಂದ ತಾವೇ ಬದಿಗಿಟ್ಟು, ಬಟ್ಟೆ ಎಳೆದು, ನಾಲ್ಕು ಮೂಲೆಗೂ ಸೀಲು ಒತ್ತಿದರು. ಬಟ್ಟೆ ಕೆಳಗಿಳಿಯುವವರೆಗೆ ಅನುಮತಿಗೆ ತಡೆ, ಇಳಿಸುವಾಗ ಎರಡೂ ಕಡೆಯವರು ಇರಬೇಕು ಎಂದು ಬರೆಸಿದರು.

ಮೇಲೆ ಹೋಗುವ ಕಬ್ಬಿಣದ ಮೆಟ್ಟಿಲು ಕಿರಿದು, ಆದರೂ ಬೀದಿಗೆ ಬೀದಿಯೇ ನುಗ್ಗಿತು. ರೇಡಿಯೋ ಕಂಬದಿಂದ ಕಂಬಕ್ಕೆ ತಂತಿ ಬಿಗಿದ. ಸೊಸೆ ಒಂದು ತುದಿ, ಸೋಪು ಹಾಕಿ ಕೈ ತೊಳೆದು ಬಂದ ಅತ್ತೆ ಇನ್ನೊಂದು ತುದಿ ಹಿಡಿದು ಬಟ್ಟೆ ಕೊಡವಿದರು. ಪಟ್ ಎಂದು ಬಿಚ್ಚಿಕೊಂಡು ಅದು ಗಾಳಿಗೆ ಹೊಟ್ಟೆಯುಬ್ಬಿಸಿತು.

ಗಾಳಿ ಇವರ ಕಡೆಗೇ ಇತ್ತು. ಗೋಡೆಯಾಚೆ ಚಿಮಣಿ ಹೊಗೆಯಿಲ್ಲದೆ ಖಾಲಿ ನಿಂತಿತ್ತು. ಎಲ್ಲರೂ ಅದನ್ನೇ ನೋಡತೊಡಗಿದರು.

"ಇವ್ರು ತಿಂಗಳಿಡೀ ಒಲೆ ಹಚ್ಚದೇ ಕೂತ್ರೆ?" ಅಂದ ರೇಡಿಯೋ.

"ಕೂರಲಿ," ಅಂದಳು ಸೊಸೆ. "ನಮಗೆ ಬೇಕಾಗಿದ್ದೂ ಅದೇ ಅಲ್ವಾ?"

ಅಷ್ಟರಲ್ಲಿ ಚಿಮಣಿಯ ಬಾಯಲ್ಲಿ ಕಪ್ಪಗೆ ಒಂದು ಎಳೆ ಕಾಣಿಸಿತು, ದಪ್ಪವಾಯಿತು, ಇತ್ತ ಬಾಗಿತು. ದಿನವೂ ಅದನ್ನು ಕಂಡು ಶಪಿಸುತ್ತಾ ತಂತಿಯ ಬಟ್ಟೆ ಬಾಚಿಕೊಂಡು ಒಳಗೆ ಓಡುತ್ತಿದ್ದ ಜನ, ಈ ಸಲ ಒಬ್ಬರೂ ಕದಲಲಿಲ್ಲ. ಯಾರೋ ಶಿಳ್ಳೆ ಹೊಡೆದರು. ಅತ್ತೆ ಎರಡೂ ಕೈ ಬೀಸಿ, ಬಾ ಬಾ ಎಂದು ಹೊಗೆಯನ್ನು ನೆಂಟರಂತೆ ಕರೆದರು. ಸೊಸೆ ಬಟ್ಟೆಯ ಪಕ್ಕದಲ್ಲಿ ನಿಂತು, ಮೊದಲ ಚುಕ್ಕೆ ಎಲ್ಲಿ ಬೀಳುತ್ತದೋ ಎಂದು ಕಣ್ಣರೆಪ್ಪೆ ಬಡಿಯದೆ ಕಾದಳು.