ಹೆಂಗಸರ ಕಡೆಯ ಜಾಲಂಧ್ರ

ಒರೆಸುವ ಬಟ್ಟೆ ಕಪ್ಪಾಯಿತು, ನಜ್ಲಾ ಅದನ್ನು ಮಗ್ಗುಲು ಬದಲಿಸಿ ಮಡಚಿಕೊಂಡು ತಗಡನ್ನು ಮತ್ತೆ ಒರೆಸಿದಳು, ಮೂಲೆಯಿಂದ ಮೂಲೆಗೆ, ಆಮೇಲೆ ಬಗ್ಗಿ ಅದರಲ್ಲಿ ಮುಖ ಹುಡುಕಿದಳು — ಕಾಣಲಿಲ್ಲ, ಒಳ್ಳೆಯದಾಯಿತು, ರೊಟ್ಟಿ ಭಟ್ಟಿಯ ಹಳೆಯ ತಗಡು, ಬೆಂದು ಬೆಂದು ಇದ್ದಿಲಿನಂತಾಗಿದೆ, ಸೋಡಾ ಹಾಕಿ ಉಜ್ಜಿದ ಮೇಲೆ ಜಿಡ್ಡೂ ಇಲ್ಲ, ಕೊಯ್ಯುವ ಯಂತ್ರದ ತಳಕ್ಕೆ ಹಾಸಿದರೆ, ಲೇಸರ್ ಕಿರಣ ಮರ ಕೊಯ್ದು ಕೆಳಗಿಳಿದಾಗ ಇದರ ಮೇಲೆ ಬಿದ್ದು ಸಾಯುತ್ತದೆ, ಹಿಂದಕ್ಕೆ ನೆಗೆಯುವುದಿಲ್ಲ. ರಬ್ಬರ್ ಚಾಪೆ ತಂದಿದ್ದಳು, ಅದೂ ಕಪ್ಪೇ, ಆದರೆ ಅಂಗಡಿಯ ಯಜಮಾನ ಉಸ್ತಾ ಶಹಾತ ಮೂಸಿ ನೋಡಿ ಬೀದಿಗೆ ಎಸೆದರು, ಇದು ಸುಟ್ರೆ ಗಲ್ಲಿಗೆ ಗಲ್ಲಿನೇ ಕೆಮ್ಮುತ್ತೆ, ನಮ್ಮನ್ನೆಲ್ಲ ಒಟ್ಟಿಗೆ ಹೂಳ್ಬೇಕು ಅಂತಿದೀಯೇನೇ ಹುಡುಗಿ? ಅವಳ ಇಷ್ಟು ಯೋಚನೆ ಆವತ್ತು ಎಲ್ಲಿ ಹೋಗಿತ್ತು, ರಂಜಾನ್ ಹತ್ತಿರ ಬಂದಿತ್ತು, ಮಸೀದಿಗೆ ಹೋಗುವ ಜಾಲಂಧ್ರ, ಗಂಡಸರಿಗೂ ಹೆಂಗಸರಿಗೂ ನಡುವೆ ನಿಲ್ಲುವ ಮರದ ತಡಿಕೆ, ಯಂತ್ರದ ಜಾಲರಿಯ ತುಂಬ ಮಸಿ, ಅಂಥ ಮರವನ್ನು ಮಸಿಯ ಮೇಲೆ ಹೇಗಿಡುವುದು ಎಂದು ಮನೆಯಿಂದ ಅಲ್ಯೂಮಿನಿಯಂ ಹಾಳೆ ತಂದಳು, ಅಮ್ಮ ಈದ್ ಬಿಸ್ಕತ್ತಿನ ತಟ್ಟೆಗೆ ಹಾಸುವುದು, ಹಾಸಿದರೆ ಕನ್ನಡಿ ಹಾಗೆ ಫಳಫಳ, ಅದರಲ್ಲಿ ತನ್ನ ಮುಖ, ಅವಳು ನಕ್ಕಿದ್ದಳು ಕೂಡ, ನಾಚಿಕೆಗೇಡಿ. ಕಿರಣ ಆ ಹೊಳಪಿಗೆ ಬಡಿದು ಮೇಲಕ್ಕೆ ಚಿಮ್ಮಿತು, ಹಲಗೆ ಮಗುಚಿದಾಗ ಹಿಂಬದಿಯಲ್ಲಿ ಪ್ರತಿ ನಕ್ಷತ್ರದ ಪಕ್ಕ ಒಂದು ಕಂದು ಚುಕ್ಕೆ. ಉಸ್ತಾ ಬೆರಳಾಡಿಸಿ ನೋಡಿದರು, ಗಂಡಸರ ಕಡೆ ನುಣ್ಣಗಿದೆಯಲ್ಲ, ಬಿಡು, ಹಿಂದೆ ಯಾರು ನೋಡ್ತಾರೆ? ಯಾರು ನೋಡುತ್ತಾರೆ, ನಿನ್ನೆ ರಾತ್ರಿ ರಂಜಾನಿನ ತರಾವೀಹ್ ನಮಾಜಿಗೆ ಹೆಂಗಸರ ಸಾಲು ಪೂರ್ತಿ ಅದರ ಹಿಂದೆಯೇ ಕೂತಿತ್ತು, ತಲೆ ಎತ್ತಿದರೆ ಮೂಗಿನೆದುರು ಚುಕ್ಕೆ, ಸಾಲಿನ ಹಿರಿಯಳು ಹಾಜ್ಜಾ ತವ್ಹೀದಾ ಉಗುರಿನಿಂದ ಕೆರೆದಳು, ಹೋಗಲಿಲ್ಲ, ಮತ್ತೆ ಕೆರೆದಳು, ನೋಡ್ರೇ, ಹೊಸ ಜಾಲಂಧ್ರಕ್ಕೆ ಆಗ್ಲೇ ಸಿಡುಬು, ಗಂಡಸರ ಕೆಲಸ ಅಲ್ವಾ, ಹೆಂಗಸರ ಕಡೆ ಹೆಂಗಿದ್ರೇನು ಅಂತ! ಎಲ್ಲರೂ ನಕ್ಕರು. ಅಮ್ಮ ಬಾಯಿ ತೆರೆದಳು, ಅಮ್ಮನಿಗೇನು ಗೊತ್ತು, ಇದನ್ನ ಕೊಯ್ದವಳು ನನ್ನ ಮಗಳು ಕಣ್ರೀ ಎಂದು ಹೇಳಲು ರಂಜಾನಿನ ಚಂದ್ರನಿಗಿಂತ ಹೆಚ್ಚು ಕಾದವಳು, ನಜ್ಲಾ ಅವಳ ಮೊಣಕೈ ಚಿವುಟಿದಳು, ಗಟ್ಟಿಯಾಗಿ, ಅಮ್ಮ ಅವಳನ್ನು ನೋಡಿದಳು, ಚುಕ್ಕೆಯನ್ನು ನೋಡಿದಳು, ಬಾಯಿ ಮುಚ್ಚಿಕೊಂಡಳು, ಇವತ್ತು ಅತ್ತಾಳಕ್ಕೆ, ಉಪವಾಸಕ್ಕೆ ಮುಂಚಿನ ನಸುಕಿನ ಊಟಕ್ಕೆ, ಎಬ್ಬಿಸುವಾಗ ಬರೀ ಭುಜ ಮುಟ್ಟಿದಳು — ಗಂಡಸರ ಕೆಲಸವಂತೆ, ಹೆಣ್ಣಿನದೇ ಕೆಲಸ, ಆ ಸಾಲಿನಲ್ಲೇ ಕೂತಿದ್ದವಳದು. ತಗಡನ್ನು ಯಂತ್ರದ ತಳಕ್ಕೆ ಇಳಿಸಿದಳು, ಗಾಳಿಯಾಡಲು ಮೊಳೆಗಳನ್ನು ನಿಲ್ಲಿಸಿ ಮೇಲೆ ಹೊಸ ಹಲಗೆ ಇಟ್ಟಳು, ಮುಚ್ಚಳ ಹಾಕಿದಳು, ಹೊಗೆ ಎಳೆಯುವ ಫ್ಯಾನು ಗುರ್ರೆಂದಿತು, ಉಸ್ತಾ ಬಾಗಿಲಲ್ಲಿ ಬೀದಿಯ ಕಡೆ ಮುಖ ಮಾಡಿ ಜಪಮಣಿ ಎಣಿಸುತ್ತಿದ್ದಾರೆ, ಬೆಳಗ್ಗಿನಿಂದ ಅವಳ ಬಾಯಿಂದ ಬಂದ ಮೊದಲ ಮಾತು, ಉಸ್ತಾ, ಆ ಜಾಲಂಧ್ರ ಇಳಿಸಿ ತಂದ್ಕೊಡಿ, ನಾನು ಬೇರೆ ಕೊಯ್ದು ಕೊಡ್ತೀನಿ — ಫ್ಯಾನು ಗುರ್ರೆನ್ನುತ್ತದೆ, ಮಣಿ ಜಾರುತ್ತದೆ, ಬೆನ್ನು ತಿರುಗುವುದಿಲ್ಲ, ಅವಳ ಕಣ್ಣೆದುರು ನಕ್ಷತ್ರ, ಪಕ್ಕದಲ್ಲಿ ಚುಕ್ಕೆ, ಹಾಜ್ಜಾಳ ಉಗುರು ಕೆರೆಯುತ್ತದೆ, ಚುಕ್ಕೆ, ಕೆರೆಯುತ್ತದೆ, ಚುಕ್ಕೆ — ಉಸ್ತಾ, ತಂದ್ಕೊಡಿ