ಒಂದು ಪಿರಿಯಡ್

ಮೊದಲ ಗಂಟೆ ಹೊಡೆದು ಮಕ್ಕಳೆಲ್ಲ ತರಗತಿಗೆ ಹೋದರೂ ಮೇಷ್ಟ್ರು, ಮೇಡಂಗಳು ವರಾಂಡ ಬಿಟ್ಟು ಕದಲಲಿಲ್ಲ. ಸಂಬಳದ ವಿಷಯ ಇತ್ಯರ್ಥವಾಗುವ ತನಕ ಯಾರೂ ಪಾಠ ಮಾಡಕೂಡದೆಂದು ಮಾತಾಗಿತ್ತು. ಮುಂದೆ ನಿಂತವರು ಒಂದನೇ ತರಗತಿಯ ಮೇಡಂ. ಇಪ್ಪತ್ತು ವರ್ಷದ ಅನುಭವ. ಸಂಬಳ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ಬಟ್ಟೆ ಅಂಗಡಿಯವರು ಕ್ಯಾಶ್ ಕೌಂಟರಿನಲ್ಲಿ ಕೂರಲು ಅದರ ಒಂದೂವರೆ ಪಟ್ಟು ಕೊಡುತ್ತೇವೆಂದಿದ್ದರು. ಸಂಜೆಯೊಳಗೆ ಉತ್ತರ ಹೇಳಬೇಕಿತ್ತು.

ಶಾಲೆಯ ಕಾರ್ಯದರ್ಶಿ ವಕೀಲರು. ಕೂತು ಮಾತಾಡಿದ್ದಕ್ಕೂ ಫೀಸು ತೆಗೆದುಕೊಳ್ಳುವ ಮನುಷ್ಯ.

"ಪಾಠ ಹೇಳೋದು ಪುಣ್ಯದ ಕೆಲಸ ಕಣಮ್ಮ. ಅದರಲ್ಲೂ ಚೌಕಾಸಿನಾ?"

"ಪುಣ್ಯ ಕೊಟ್ರೆ ಓನರ್ ಬಾಡಿಗೆ ಬಿಡ್ತಾರಾ ಸಾರ್?"

"ಮಕ್ಕಳ ಫೀಸ್ ಏರಿಸಿದ್ರೆ ಅಪ್ಪ ಅಮ್ಮಂದಿರು ನನ್ನ ಕುತ್ತಿಗೆ ಹಿಡೀತಾರೆ. ಅಲ್ಲಮ್ಮ, ಅ ಆ ಇ ಈ ಹೇಳ್ಕೊಡೋಕೆ ಇಪ್ಪತ್ತು ವರ್ಷದ ಅನುಭವ ಯಾಕೆ? ಹೊಸಬರು ಅರ್ಧಕ್ಕೇ ಬರ್ತಾರೆ."

ಮೇಡಂ ಮುಖ ಕೆಂಪಾಯಿತು. ಕೈಯಲ್ಲಿದ್ದ ಸೀಮೆಸುಣ್ಣವನ್ನು ಅವರ ಮುಂದೆ ಹಿಡಿದರು. "ಹಾಗಾದ್ರೆ ಒಂದು ಪಿರಿಯಡ್ ನೀವೇ ತಗೊಳ್ಳಿ."

"ಅದೇನು ಮಹಾ!" ವಕೀಲರು ಕೋಟು ಸರಿಮಾಡಿಕೊಂಡು ಒಳಗೆ ನಡೆದರು.

ಬೋರ್ಡಿನ ಕಡೆ ತಿರುಗಿದ್ದೇ ತಡ, ಬೆನ್ನ ಹಿಂದೆ ಸಂತೆ ನೆರೆಯಿತು. "ಸೈಲೆನ್ಸ್!" ಎಂದು ಮೇಜು ಗುದ್ದಿದರು. ಮೊದಲ ಬೆಂಚಿನ ಪುಟ್ಟಿ ಹೋ ಎಂದು ಅತ್ತಳು. ಅವಳನ್ನು ನೋಡಿ ಪಕ್ಕದವಳು, ಆಮೇಲೆ ಇಡೀ ಸಾಲು. ಒಬ್ಬ ಪೋರ ಕಿಟಕಿಯ ಸರಳು ಹಿಡಿದು ಮೇಲೆ ಹತ್ತತೊಡಗಿದ. ವಕೀಲರು ಅರಚಿದಷ್ಟೂ ಗಲಾಟೆ ಏರಿತು.

ಹೊರಗೆ ಮೇಡಂಗೆ ಜೀವ ತಡೆಯಲಿಲ್ಲ. ಗಣಿತದ ಮೇಷ್ಟ್ರು ಅಡ್ಡ ನಿಂತರು. "ಹೋಗ್ಬೇಡಿ ಮೇಡಂ. ಈಗ ಒಳಗೆ ಹೋದ್ರೆ ಇಷ್ಟೂ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ."

"ಮಗು ಬಿದ್ರೆ?"

ಹೋಗಿಯೇಬಿಟ್ಟರು. ಪೋರನನ್ನು ಇಳಿಸಿ, ತೊಡೆಯ ಮೇಲೆ ಕೂರಿಸಿಕೊಂಡು ನೆಲದಲ್ಲೇ ಕೂತು, ಪಿಸುದನಿಯಲ್ಲಿ ಶುರುಮಾಡಿದರು: "ಒಂದು ಇಲಿ. ಅದಕ್ಕೆ ಭಾರೀ ಕೋಪ..." ಕತೆ ಕೇಳಿಸಲಿ ಎಂದು ಮಕ್ಕಳು ತಾವೇ ಒಬ್ಬರನ್ನೊಬ್ಬರು ಗದರಿ ಸುಮ್ಮನಾದರು. ಸ್ವಲ್ಪ ಹೊತ್ತಿಗೆ ಎಲ್ಲರೂ ಬೆರಳಿನಿಂದ ಗಾಳಿಯಲ್ಲಿ 'ಇ' ಬರೆಯುತ್ತಿದ್ದರು. ಕೊನೆಯ ಬೆಂಚಿನಲ್ಲಿ ಮೊಣಕಾಲು ಮಡಿಸಿ ಕೂತಿದ್ದ ವಕೀಲರೂ ಬರೆದರು.

ಗಂಟೆ ಹೊಡೆಯಿತು. ಮೇಡಂ ಎದ್ದು ಬಂದರು. ಕಣ್ಣು ತುಂಬಿತ್ತು.

"ನೀವೇ ಗೆದ್ರಿ ಸಾರ್. ಮಕ್ಕಳನ್ನ ಹಾಗೆ ಬಿಟ್ಟು ನಿಲ್ಲೋದು ನನ್ನ ಕೈಲಾಗಲ್ಲ. ಸಂಜೆ ಅಂಗಡಿಗೆ ಹೂಂ ಅಂತೀನಿ. ಅಲ್ಲಿ ಯಾರೂ ಕಿಟಕಿ ಹತ್ತಲ್ಲ."

ವಕೀಲರು ಸುಣ್ಣದ ಕೈಯಲ್ಲೇ ಫೋನ್ ತೆಗೆದು ಶಾಲೆಯ ಅಧ್ಯಕ್ಷರಿಗೆ ಹಚ್ಚಿದರು.

"ಸಂಜೆ ಮೀಟಿಂಗ್ ಕರೀರಿ ಸಾರ್. ಹೂಂ, ಸಂಬಳದ್ದೇ. ಇಲ್ಲ ಇಲ್ಲ, ಅವರ ಕಡೆ ವಕೀಲ ನಾನೇ."

ಆಮೇಲೆ ತಲೆ ತಗ್ಗಿಸಿ ಹೇಳಿದರು: "ಮೇಡಂ, ಅಂಗಡಿಯವರ ಹತ್ರ ಒಂದೇ ಒಂದು ದಿನ ವಾಯಿದೆ ಕೇಳ್ತೀರಾ?"